ಆರು ತಂತಿಗಳಲ್ಲಿ ಐದನ್ನು ಸುಮ್ಮನಿರಿಸುವ ಕೆಲಸ

ನಲವತ್ತು ದಾಟಿದ ಮೇಲೆ ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತೇನೆಂದು ಹೊರಟಾಗ ನನಗೆ ಸಿಕ್ಕ ಎಚ್ಚರಿಕೆಗಳೆಲ್ಲ ಬೆರಳಿನ ತುದಿಗೆ ಸಂಬಂಧಿಸಿದವು. ನೋಯುತ್ತದೆ, ಚರ್ಮ ಸುಲಿಯುತ್ತದೆ, ವಯಸ್ಸಾದ ಕೈ ಹೇಳಿದಂತೆ ಕೇಳುವುದಿಲ್ಲ ಎಂದು ಹಲವರು ಹೇಳಿದರು. ನೋವಿನ ಮಾತು ನಿಜವೇ, ಆದರೆ ಅದು ಕೆಲವು ವಾರಗಳ ವ್ಯವಹಾರ. ಚರ್ಮ ಗಟ್ಟಿಯಾದ ಮೇಲೆ ಅದರ ಬಗ್ಗೆ ಯೋಚನೆಯೂ ಬರುವುದಿಲ್ಲ. ಇಂದಿಗೂ ನನ್ನ ಅಭ್ಯಾಸದ ಹೆಚ್ಚಿನ ಹೊತ್ತನ್ನು ತೆಗೆದುಕೊಳ್ಳುತ್ತಿರುವುದು ಬೇರೊಂದು ಸಂಗತಿ. ಈ ವಾದ್ಯದಲ್ಲಿ ಬೇಕಾದ ಸ್ವರವನ್ನು ಹೊರಡಿಸುವುದು ಚಿಕ್ಕ ಕೆಲಸ, ಬೇಡದ ಸದ್ದು ಹೊರಡದಂತೆ ನೋಡಿಕೊಳ್ಳುವುದು ದೊಡ್ಡ ಕೆಲಸ. ಒಂದು ತಂತಿ ನುಡಿಯುವಾಗ ಉಳಿದ ಐದು ಸುಮ್ಮನಿರಬೇಕು, ಮತ್ತು ಅವು ತಾವಾಗಿಯೇ ಸುಮ್ಮನಿರುವುದಿಲ್ಲ.

ಮೊದಲು ಅಕೌಸ್ಟಿಕ್ ಗಿಟಾರ್ ಹಿಡಿದು ಬೆರಳು ಪಳಗಿಸಿಕೊಂಡು ಆಮೇಲೆ ಎಲೆಕ್ಟ್ರಿಕ್‌ಗೆ ಬರಬೇಕೆಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ಅಕೌಸ್ಟಿಕ್‌ನ ಅತಿ ತೆಳುವಾದ ತಂತಿ ಸಾಮಾನ್ಯವಾಗಿ 0.012 ಇಂಚು ದಪ್ಪವಿದ್ದರೆ ಎಲೆಕ್ಟ್ರಿಕ್‌ನಲ್ಲಿ ಅದು 0.009 ಅಥವಾ 0.010 ಇಂಚು. ಅದೇ ಉದ್ದದಲ್ಲಿ ಅದೇ ಶ್ರುತಿಗೆ ಬೇಕಾಗುವ ಎಳೆತವು ತಂತಿಯ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 0.009ರ ತಂತಿಯಲ್ಲಿರುವ ಎಳೆತವು 0.012ರ ತಂತಿಯದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಜೊತೆಗೆ ತಂತಿಗಳು ಬೆರಳೊತ್ತುವ ಹಲಗೆಯಾದ ಫ್ರೆಟ್‌ಬೋರ್ಡಿಗೆ ಹತ್ತಿರವೂ ಇರುತ್ತವೆ. ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಐಯೋಮಿ 1965ರಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಎಡಗೈಯವರಾದ ಅವರಿಗೆ ಅವು ತಂತಿ ಒತ್ತುವ ಕೈಯ ಬೆರಳುಗಳೇ ಆಗಿದ್ದವು. ಅವರು ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ತೊಡುವ ಟೊಪ್ಪಿ ಮಾಡಿಕೊಂಡರು, ತೆಳು ತಂತಿಗಳನ್ನು ಹಾಕಿಕೊಂಡರು, ನುಡಿಸುವುದನ್ನು ಮುಂದುವರಿಸಿದರು. ತೆಳು ತಂತಿ ಹಾಕಿಕೊಳ್ಳುವುದು ಸೋಮಾರಿತನ ಎನ್ನುವವರು ಇದನ್ನೊಮ್ಮೆ ನೆನೆಯಬಹುದು.

ಒತ್ತುವ ಬಲದ ಬಗ್ಗೆಯೂ ಒಂದು ಮಾತು. ಫ್ರೆಟ್‌ನ ಲೋಹದ ಪಟ್ಟಿಗೆ ತೀರ ಹತ್ತಿರದಲ್ಲಿ, ಅದರ ಹಿಂದೆಯೇ ಬೆರಳಿಟ್ಟರೆ ಸಾಕಾಗುವ ಒತ್ತಡ ಅಚ್ಚರಿಯಾಗುವಷ್ಟು ಕಡಿಮೆ. ಅಗತ್ಯಕ್ಕಿಂತ ಹೆಚ್ಚು ಒತ್ತಿದರೆ ಕೈ ದಣಿಯುವುದಷ್ಟೇ ಅಲ್ಲ, ತಂತಿ ಬಿಗಿದು ಸ್ವರವೂ ಮೇಲಕ್ಕೆ ಸರಿಯುತ್ತದೆ. ತೆಳು ತಂತಿಯಲ್ಲಿ ಈ ಅಪಶ್ರುತಿ ಸ್ಪಷ್ಟವಾಗಿ ಕೇಳಿಸುತ್ತದೆ.

ಈಗ ಬೇಡದ ಸದ್ದಿನ ವಿಷಯ. ಅದರ ಮೂಲ ವಾದ್ಯದ ರಚನೆಯಲ್ಲೇ ಇದೆ. ಅಕೌಸ್ಟಿಕ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ಮರದ ಒಡಲು ಕೇಳುವಷ್ಟು ದೊಡ್ಡದು ಮಾಡುತ್ತದೆ. ತೀರ ಸಣ್ಣ ಕಂಪನ ಅಲ್ಲಿಯೇ ಅಡಗಿಹೋಗುತ್ತದೆ. ಎಲೆಕ್ಟ್ರಿಕ್‌ನಲ್ಲಿ ಕಂಪನವನ್ನು ಹಿಡಿದು ಆಂಪ್ಲಿಫೈಯರ್‌ಗೆ ಕಳಿಸುವುದು ಪಿಕಪ್, ಅಂದರೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಅಯಸ್ಕಾಂತ. ಉಕ್ಕಿನ ತಂತಿ ಅದರ ಮೇಲೆ ಅಲುಗಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1930ರ ದಶಕದ ಆರಂಭದಲ್ಲಿ ಬಂದ ರಿಕನ್‌ಬ್ಯಾಕರ್ ಗಿಟಾರಿನಿಂದ ಹಿಡಿದು ಇಂದಿನವರೆಗೆ ತತ್ವ ಇದೇ. ಪಿಕಪ್‌ಗೆ ನಾವು ಬೇಕೆಂದು ಮೀಟಿದ ತಂತಿ ಯಾವುದು, ಬೆರಳು ಎತ್ತುವಾಗ ತಾನಾಗಿ ತಾಗಿದ ತಂತಿ ಯಾವುದು ಎಂಬ ಭೇದವಿಲ್ಲ. ಯಾರೂ ಮುಟ್ಟದ ತಂತಿಯೂ ಅಲುಗುತ್ತದೆ. ಅತಿ ದಪ್ಪದ, ಅಂದರೆ ಆರನೇ ತಂತಿಯ ಐದನೇ ಫ್ರೆಟ್ ಒತ್ತಿ ಮೀಟಿದರೆ ಬರುವ ಸ್ವರ 110 ಹರ್ಟ್ಸ್. ಪಕ್ಕದ ಐದನೇ ತಂತಿಯ ತೆರೆದ ಸ್ವರವೂ, ಅಂದರೆ ಎಲ್ಲೂ ಒತ್ತದೆ ಮೀಟಿದಾಗ ಬರುವ ಸ್ವರವೂ, 110 ಹರ್ಟ್ಸ್ ಆದ್ದರಿಂದ ಅದು ಅನುರಣನದಿಂದ ತಾನೂ ನುಡಿಯಲಾರಂಭಿಸುತ್ತದೆ. ಮೀಟಿದ ತಂತಿಯನ್ನು ಕೈಯಿಂದ ನಿಲ್ಲಿಸಿ ಕಿವಿಗೊಟ್ಟರೆ ಇದನ್ನು ಯಾರಾದರೂ ಪರೀಕ್ಷಿಸಬಹುದು.

ಆಂಪ್ಲಿಫೈಯರ್‌ನಲ್ಲಿ ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಏರಿಸಿದಾಗ ಇದೆಲ್ಲ ಹಲವು ಪಟ್ಟಾಗುತ್ತದೆ. ಡಿಸ್ಟಾರ್ಷನ್ ಎಂದು ನಾವು ಕರೆಯುವ ಆ ಒರಟು, ತುಂಬು ನಾದ ಹುಟ್ಟುವುದು ಅಲೆಯ ಶಿಖರಗಳನ್ನು ಕತ್ತರಿಸುವುದರಿಂದ. ಸಂಕೇತ ಒಂದು ಮಿತಿಗಿಂತ ಮೇಲೆ ಹೋಗಲಾರದು, ಆದರೆ ಆ ಮಿತಿಯ ಕೆಳಗಿರುವ ಸಣ್ಣ ಸದ್ದುಗಳು ಏರುತ್ತಲೇ ಇರುತ್ತವೆ. ಪರಿಣಾಮವಾಗಿ ಜೋರಿನ ಸ್ವರ ಮತ್ತು ಮೆಲ್ಲಗಿನ ಕಸದ ನಡುವಿನ ಅಂತರ ಕುಗ್ಗುತ್ತದೆ. ಒಂದೇ ಮೀಟಿಗೆ ಸ್ವರ ಅಷ್ಟು ಹೊತ್ತು ಉಳಿಯುವುದಕ್ಕೂ, ತಂತಿಯ ಮೇಲೆ ಬೆರಳು ಜಾರಿದ ಸದ್ದು ಕೋಣೆ ತುಂಬುವುದಕ್ಕೂ ಕಾರಣ ಒಂದೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವ ಗುಂಡಿ ಯಾವ ಆಂಪ್‌ನಲ್ಲೂ ಇಲ್ಲ. ಆ ಆಯ್ಕೆಯನ್ನು ಕೈಗಳೇ ಮಾಡಬೇಕು.

ಕೈಗಳು ಅದನ್ನು ಮಾಡುವ ರೀತಿಯನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಆರಂಭಿಕರ ಪಾಠಗಳಲ್ಲಿ ಇದು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಬಲಗೈಯಲ್ಲಿ ಮೀಟುವವರ ಲೆಕ್ಕದಲ್ಲಿ, ಮೂರನೇ ತಂತಿಯನ್ನು ಎಡಗೈ ತೋರುಬೆರಳಿನಿಂದ ಒತ್ತಿದ್ದೀರಿ ಎಂದುಕೊಳ್ಳೋಣ. ಆ ಬೆರಳಿನ ತುದಿ ತುಸು ಮುಂದಕ್ಕೆ ಚಾಚಿ ನಾಲ್ಕನೇ ತಂತಿಯನ್ನು ಸೋಕಿಕೊಂಡಿರಬೇಕು. ಅದೇ ಬೆರಳಿನ ಒಳಭಾಗ ಸ್ವಲ್ಪ ಮಲಗಿ ಎರಡನೇ ಮತ್ತು ಒಂದನೇ ತಂತಿಗಳ ಮೇಲೆ ಹಗುರವಾಗಿ ಕೂತಿರಬೇಕು. ಐದು ಮತ್ತು ಆರನೇ ತಂತಿಗಳನ್ನು ಬಲಗೈ ಅಂಗೈಯ ಅಂಚು, ತಂತಿಗಳು ಒಡಲಿನ ಮೇಲೆ ಆತುಕೊಳ್ಳುವ ಬ್ರಿಡ್ಜ್ ಬಳಿ ಹಿಡಿದಿಟ್ಟಿರಬೇಕು. ಅಕೌಸ್ಟಿಕ್ ಕಾರ್ಡ್‌ಗಳಿಗಾಗಿ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಿಗಾಗಿ) ಹೇಳುವ “ಬೆರಳುಗಳನ್ನು ಕಮಾನಿನಂತೆ ಎತ್ತಿ ತುದಿಯಿಂದ ಒತ್ತಿ” ಎಂಬ ಪಾಠಕ್ಕೆ ಇದು ಪೂರ್ತಿ ವಿರುದ್ಧ. ಅಲ್ಲಿ ಪಕ್ಕದ ತಂತಿಯನ್ನು ಮುಟ್ಟುವುದು ದೋಷ, ಇಲ್ಲಿ ಮುಟ್ಟುವುದೇ ಕೌಶಲ. ಸ್ವರ ಒಂದು ತಂತಿಯಿಂದ ಇನ್ನೊಂದಕ್ಕೆ ಹೋದಾಗ ಈ ಇಡೀ ವ್ಯವಸ್ಥೆ ಜೊತೆಯಲ್ಲೇ ಸರಿಯಬೇಕು, ಮೇಲಾಗಿ ಅದನ್ನು ಯೋಚಿಸುವಷ್ಟು ಹೊತ್ತು ಸಂಗೀತ ಕೊಡುವುದಿಲ್ಲ.

ಬೆರಳು ಎತ್ತುವುದೂ ಒಂದು ವಿದ್ಯೆಯೇ. ಒತ್ತಿದ ಬೆರಳನ್ನು ಥಟ್ಟನೆ ತೆಗೆದರೆ ಅದು ತಂತಿಯನ್ನು ಎಳೆದುಬಿಟ್ಟು ತೆರೆದ ಸ್ವರವನ್ನು ಹೊರಡಿಸುತ್ತದೆ. ಮೊದಲು ಒತ್ತಡ ಬಿಡಬೇಕು, ತಂತಿ ಫ್ರೆಟ್‌ನಿಂದ ಮೇಲೆದ್ದ ಮೇಲೂ ಬೆರಳು ತಂತಿಯನ್ನು ಮುಟ್ಟಿಕೊಂಡೇ ಇರಬೇಕು, ಸದ್ದು ಸತ್ತ ನಂತರ ಬೆರಳು ಹೊರಡಬೇಕು. ಇದರಲ್ಲೂ ಒಂದು ತೊಡಕಿದೆ. ಐದು, ಏಳು ಅಥವಾ ಹನ್ನೆರಡನೇ ಫ್ರೆಟ್‌ನ ನೇರ ಮೇಲೆ ಒಂದೇ ಬೆರಳು ಹಗುರವಾಗಿ ತಾಗಿದ್ದರೆ ತಂತಿ ನಿಲ್ಲುವುದಿಲ್ಲ. ಅಲ್ಲಿ ಹಾರ್ಮೋನಿಕ್ ಎಂಬ ಎತ್ತರದ, ಗಂಟೆಯಂಥ ನಾದ ಏಳುತ್ತದೆ. ಹನ್ನೆರಡನೆಯದು ತಂತಿಯ ಸರಿಯಾದ ಅರ್ಧ, ಏಳನೆಯದು ಮೂರನೇ ಒಂದು, ಐದನೆಯದು ಕಾಲು ಭಾಗದ ಹತ್ತಿರ ಬೀಳುವುದು ಇದಕ್ಕೆ ಕಾರಣ. ಆದ್ದರಿಂದ ತಂತಿ ನಿಲ್ಲಿಸುವಾಗ ಕನಿಷ್ಠ ಎರಡು ಬೆರಳುಗಳನ್ನು ತಾಗಿಸುವುದು ಒಳ್ಳೆಯದು.

ಅಂಗೈಯ ಅಂಚನ್ನು ತಾಗಿಸಿ ತಂತಿಯ ನಾದವನ್ನು ಅರೆಬರೆ ಅಡಗಿಸುವ ಪಾಮ್ ಮ್ಯೂಟ್ ಎಂಬುದು ಇದೇ ತತ್ವದ ಇನ್ನೊಂದು ಮುಖ. ಅಂಗೈಯನ್ನು ಬ್ರಿಡ್ಜ್‌ನಿಂದ ಕೆಲವು ಮಿಲಿಮೀಟರ್ ಮುಂದಕ್ಕೆ ತಂದರೆ ಸ್ವರವೇ ಸತ್ತು ಬರೀ ತಟ್ಟಿದ ಸದ್ದು ಉಳಿಯುತ್ತದೆ, ಹಿಂದಕ್ಕೆ ಸರಿಸಿದರೆ ಮ್ಯೂಟ್ ಆಗುವುದೇ ಇಲ್ಲ. ಸರಿಯಾದ ಜಾಗವನ್ನು ಕಿವಿಯೇ ಹುಡುಕಿಕೊಳ್ಳಬೇಕು.

ಇಷ್ಟು ಕಷ್ಟವಿದ್ದರೆ ಆರಂಭದಲ್ಲಿ ನುಡಿಸುವುದಾದರೂ ಏನನ್ನು? ನನ್ನ ಉತ್ತರ ಪವರ್ ಕಾರ್ಡ್. ಮೂಲಸ್ವರ ಮತ್ತು ಅದರ ಪಂಚಮ, ಎರಡೇ ಸ್ವರಗಳು, ಎರಡೇ ಬೆರಳುಗಳು. ಇದನ್ನು ಸೋಮಾರಿಗಳ ಕಾರ್ಡ್ ಎಂದು ಹೀಯಾಳಿಸುವವರಿದ್ದಾರೆ, ಆದರೆ ಇದು ಡಿಸ್ಟಾರ್ಷನ್‌ಗಾಗಿಯೇ ಹುಟ್ಟಿದಂತಿದೆ. ಅಲೆಯನ್ನು ಕತ್ತರಿಸುವ ಆಂಪ್ ಎರಡು ಸ್ವರಗಳ ಕಂಪನಾಂಕಗಳ ಮೊತ್ತ ಮತ್ತು ವ್ಯತ್ಯಾಸಗಳನ್ನೂ ಹೊಸದಾಗಿ ಸೃಷ್ಟಿಸುತ್ತದೆ. ಪಂಚಮದ ಅನುಪಾತ 3:2 ಆದ್ದರಿಂದ ಅವುಗಳ ವ್ಯತ್ಯಾಸ ಮೂಲಸ್ವರದ ಕೆಳಗಿನ ಸ್ಥಾಯಿಗೆ ಸರಿಯಾಗಿ ಬೀಳುತ್ತದೆ, ಹಾಗಾಗಿ ನಾದ ಕೆಡುವ ಬದಲು ದಪ್ಪವಾಗುತ್ತದೆ. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಫ್ರೆಟ್‌ಗಳನ್ನು ಕೂರಿಸಿರುವುದರಿಂದ ಗಿಟಾರಿನ ಪಂಚಮ ಶುದ್ಧ ಪಂಚಮಕ್ಕಿಂತ ಕೇವಲ 2 ಸೆಂಟ್ ಕಡಿಮೆ (ಒಂದು ಫ್ರೆಟ್‌ನ ಅಂತರದ ನೂರನೇ ಒಂದು ಭಾಗವೇ ಸೆಂಟ್). ಆದರೆ ಅದರ ಅಂತರ ಗಾಂಧಾರ ಶುದ್ಧವಾದದ್ದಕ್ಕಿಂತ ಸುಮಾರು 14 ಸೆಂಟ್ ಮೇಲಿದೆ. ಶುಭ್ರವಾದ ನಾದದಲ್ಲಿ ಇದು ಹೆಚ್ಚು ಕಾಡುವುದಿಲ್ಲ, ಡಿಸ್ಟಾರ್ಷನ್ ಸೇರಿದೊಡನೆ ಆ ಗಾಂಧಾರವೂ ಇರುವ ಪೂರ್ಣ ಮೇಜರ್ ಕಾರ್ಡ್ ಕದಡಿದಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಒಂದೇ ಬೆರಳನ್ನು ತಂತಿಗಳಿಗೆ ಅಡ್ಡಲಾಗಿ ಒತ್ತಿ ಹಿಡಿಯುವ ಬಾರ್ ಕಾರ್ಡ್ ಇನ್ನೂ ಹಿಡಿಯಲಾಗುತ್ತಿಲ್ಲವೆಂದು ಕೊರಗುವ ವಯಸ್ಕ ಕಲಿಯುವವರಿಗೆ ನಾನು ಹೇಳುವುದಿಷ್ಟೆ: ಅದನ್ನು ಸದ್ಯಕ್ಕೆ ಬದಿಗಿಡಿ, ಎರಡು ತಂತಿಗಳನ್ನು ನುಡಿಸಿ ಉಳಿದ ನಾಲ್ಕನ್ನು ತಡೆಯುವುದರಲ್ಲಿ ಬೇಕಾದಷ್ಟು ಕೆಲಸವಿದೆ.

ಅಭ್ಯಾಸ ಶುಭ್ರವಾದ ನಾದದಲ್ಲೋ ಡಿಸ್ಟಾರ್ಷನ್‌ನಲ್ಲೋ ಎಂಬ ಚರ್ಚೆ ಸದಾ ನಡೆಯುತ್ತದೆ. ಗೇನ್ ಮುಟ್ಟಬೇಡಿ, ಅದು ತಪ್ಪುಗಳನ್ನು ಮುಚ್ಚುತ್ತದೆ ಎಂಬುದು ಹಳೆಯ ಸಲಹೆ. ಅದು ಅರ್ಧ ಸರಿ. ಗೇನ್ ಮುಚ್ಚುವುದು ಮೀಟಿನ ಏರುಪೇರನ್ನು; ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ಎತ್ತರಕ್ಕೆ ಬಂದು ನಿಲ್ಲುವುದರಿಂದ ಬಲಗೈಯ ಅಸಮತೆ ಕೇಳಿಸುವುದಿಲ್ಲ. ಆದರೆ ಶುಭ್ರ ನಾದ ಮುಚ್ಚುವುದೂ ಒಂದಿದೆ, ಅದು ನಾನು ಇಷ್ಟು ಹೊತ್ತು ಹೇಳುತ್ತಿರುವ ಕಸ. ಶುಭ್ರ ನಾದದಲ್ಲಿ ನಿರ್ಮಲವಾಗಿ ಕೇಳಿದ ಅದೇ ಸ್ವರಗುಚ್ಛ ಗೇನ್ ಏರಿಸಿದೊಡನೆ ಗೊರಗುಟ್ಟುತ್ತದೆ. ಆದ್ದರಿಂದ ನಾನು ಒಂದೇ ಪಾಠವನ್ನು ಎರಡು ಬಾರಿ ನುಡಿಸುತ್ತೇನೆ: ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕಿಟ್ಟು ಮೊದಲು ಗೇನ್ ಇಲ್ಲದೆ ಬಲಗೈಯನ್ನು ಕೇಳಿಕೊಳ್ಳಲು, ಆಮೇಲೆ ಗೇನ್‌ನೊಂದಿಗೆ ಎಡಗೈಯನ್ನು ಕೇಳಿಕೊಳ್ಳಲು. ನಾಯ್ಸ್ ಗೇಟ್ ಎಂಬ ಪೆಡಲ್ ಅಥವಾ ಆ್ಯಪ್ ಸೌಲಭ್ಯವನ್ನು ಅಭ್ಯಾಸದ ಹೊತ್ತಿನಲ್ಲಿ ಆಫ್ ಮಾಡಿಡುವುದು ಉತ್ತಮ. ಅದು ನಿಶ್ಶಬ್ದದ ಜಾಗಗಳಲ್ಲಿ ಮಾತ್ರ ಬಾಗಿಲು ಮುಚ್ಚುತ್ತದೆ; ಸ್ವರ ನುಡಿಯುತ್ತಿರುವಾಗ ಬಾಗಿಲು ತೆರೆದೇ ಇರುವುದರಿಂದ ಪಕ್ಕದ ತಂತಿಯ ಗಲಾಟೆ ಸ್ವರದ ಬೆನ್ನಿಗೇ ನುಸುಳುತ್ತದೆ.

ವಯಸ್ಕರಿಗೆ ಇರುವ ನಿಜವಾದ ತೊಂದರೆ ಬೆರಳಿನದಲ್ಲ, ಕಿವಿಯದು ಎಂದು ನನಗೆ ಅನ್ನಿಸುತ್ತದೆ. ದಶಕಗಳ ಕಾಲ ಒಳ್ಳೆಯ ಸಂಗೀತ ಕೇಳಿದ ಕಿವಿ ತನ್ನದೇ ನುಡಿಸಾಣಿಕೆಯನ್ನು ಮೊದಲ ದಿನದಿಂದಲೇ ಕಟುವಾಗಿ ಅಳೆಯುತ್ತದೆ, ಮಕ್ಕಳಿಗೆ ಈ ಕಾಟ ಅಷ್ಟಾಗಿ ಇರುವುದಿಲ್ಲ. ಆದರೆ ಅದೇ ಕಿವಿ ಮ್ಯೂಟಿಂಗ್ ಕಲಿಯುವಾಗ ದೊಡ್ಡ ಆಸ್ತಿ, ಏಕೆಂದರೆ ಅಲ್ಲಿ ಕೆಲಸವೇ ತಪ್ಪು ಹುಡುಕುವುದು. ನುಡಿಸುವಾಗ ಗಮನವೆಲ್ಲ ಮುಂದಿನ ಸ್ವರದ ಮೇಲಿರುವುದರಿಂದ ಹಿಂದೆ ಬಿಟ್ಟುಬಂದ ಸದ್ದು ನಮಗೇ ಕೇಳಿಸುವುದಿಲ್ಲ. ಫೋನಿನಲ್ಲಿ ಧ್ವನಿಮುದ್ರಿಸಿ, ವಾದ್ಯ ಕೆಳಗಿಟ್ಟು ಕೇಳಿದಾಗ ಯಾವ ತಂತಿ ಯಾವ ಕ್ಷಣದಲ್ಲಿ ತಪ್ಪಿಸಿಕೊಂಡಿತು ಎಂಬುದು ತಿಳಿಯುತ್ತದೆ. ಅಭ್ಯಾಸದ ಅವಧಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಾರಕ್ಕೊಮ್ಮೆ ಅರ್ಧ ದಿನ ಕೂರುವುದಕ್ಕಿಂತ ದಿನವೂ ಇಪ್ಪತ್ತು ನಿಮಿಷ ಕೂರುವುದು ಲೇಸು.

ವಾದ್ಯ ಕೊಳ್ಳುವವರಿಗೆ ಎರಡು ಮಾತು ಸಾಕು. ಒಂದೇ ಸುರುಳಿಯ ಪಿಕಪ್ ಮನೆಯ ವಿದ್ಯುತ್ ಜಾಲದ 50 ಅಥವಾ 60 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಹಿಡಿದುಕೊಳ್ಳುತ್ತದೆ, 1950ರ ದಶಕದಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ರೂಪಿಸಿದ ಹಂಬಕರ್ ಎರಡು ವಿರುದ್ಧ ಸುರುಳಿಗಳಿಂದ ಅದನ್ನು ರದ್ದುಮಾಡುತ್ತದೆ. ಹೆಚ್ಚು ಗೇನ್‌ನಲ್ಲಿ ಕಲಿಯುವ ಆಸೆಯಿದ್ದರೆ ಹಂಬಕರ್ ನೆಮ್ಮದಿ ಕೊಡುತ್ತದೆ. ಇನ್ನು ಸ್ಪ್ರಿಂಗ್‌ಗಳ ಎಳೆತದಲ್ಲಿ ಅಲುಗಾಡುವ, ತೇಲುವ ಟ್ರೆಮೊಲೊ ಬ್ರಿಡ್ಜ್ ಇರುವ ಗಿಟಾರ್ ಆರಂಭಿಕರಿಗೆ ಬೇಡ. ಅಲ್ಲಿ ಒಂದು ತಂತಿಯ ಎಳೆತ ಬದಲಾದರೆ ಉಳಿದ ಐದರ ಶ್ರುತಿಯೂ ಕದಲುತ್ತದೆ.

ಈಗ ನಾನು ಸಿಕ್ಕಿಕೊಂಡಿರುವುದು ಬೆಂಡ್‌ನಲ್ಲಿ, ಅಂದರೆ ಒತ್ತಿದ ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸುವುದರಲ್ಲಿ. ಎರಡು ಫ್ರೆಟ್‌ನಷ್ಟು ಸ್ವರ ಏರಬೇಕಾದರೆ ತಂತಿಯ ಎಳೆತ ಸುಮಾರು 26 ಪ್ರತಿಶತ ಹೆಚ್ಚಬೇಕು, ಅದು ಒಂದು ಬೆರಳಿನ ಕೆಲಸವಲ್ಲ. ಉಂಗುರ ಬೆರಳಿನ ಹಿಂದೆ ಇನ್ನೆರಡು ಬೆರಳುಗಳನ್ನು ಆಸರೆಯಾಗಿಟ್ಟು ಮಣಿಕಟ್ಟನ್ನು ತಿರುಗಿಸಬೇಕು. ತಲುಪಬೇಕಾದ ಸ್ವರವನ್ನು ಮೊದಲು ಎರಡು ಫ್ರೆಟ್ ಮುಂದೆ ನುಡಿಸಿ ಕಿವಿಗೆ ಕೂರಿಸಿಕೊಂಡರೆ ಏರುವುದು ಒಂದು ಮಟ್ಟಕ್ಕೆ ಬರುತ್ತದೆ. ಇಳಿಯುವುದೇ ಕಷ್ಟ. ಮೂರನೇ ತಂತಿ ಮೇಲಕ್ಕೆ ಹೋಗುವಾಗ ನಾಲ್ಕನೆಯದರ ಕೆಳಗೆ ನುಗ್ಗಿರುತ್ತದೆ ಅಥವಾ ಅದನ್ನೂ ತಳ್ಳಿಕೊಂಡು ಹೋಗಿರುತ್ತದೆ, ಇಳಿಯುವಾಗ ಆ ತಂತಿ ಚಿಮ್ಮಿ ಬಿಡುಗಡೆಯಾಗಿ ದೊಡ್ಡದಾಗಿ ನುಡಿಯುತ್ತದೆ. ತೋರುಬೆರಳನ್ನು ಬೆಂಡ್ ಮಾಡುವ ಬೆರಳುಗಳ ಹಿಂದೆ ಅಡ್ಡಲಾಗಿ ಮಲಗಿಸಿಟ್ಟು, ಅದೇ ನಾಲ್ಕನೇ ತಂತಿಯನ್ನು ಮುಂಚಿತವಾಗಿ ಹಿಡಿದಿಡುವುದು ಇದಕ್ಕೆ ಉಪಾಯ. ಏರುವಾಗ ಅದು ಒಲಿದಿದೆ. ಇಳಿಯುವಾಗ, ಅದರಲ್ಲೂ ಸ್ವರವನ್ನು ಮೇಲೆ ಕೆಳಗೆ ಕಂಪಿಸುವ ವೈಬ್ರಾಟೊ ಸೇರಿಸಿದರೆ, ತೋರುಬೆರಳು ಇನ್ನೂ ತನ್ನ ಜಾಗ ಬಿಟ್ಟೇಳುತ್ತದೆ, ಹಾಗಾಗಿ ಸದ್ಯಕ್ಕೆ ವೈಬ್ರಾಟೊ ಇಲ್ಲದೆ ಬೆಂಡ್ ಇಳಿಸುವುದನ್ನಷ್ಟೇ ನಿಧಾನವಾಗಿ ನುಡಿಸುತ್ತಿದ್ದೇನೆ.