ಎರಡು ಚುಕ್ಕೆ, ಒಂದು ಅಂಡ

ಮಡಿಕೇರಿ
ಆಗಸ್ಟ್ 4, 2024, ಭಾನುವಾರ

ನಿನ್ನೆ ಕೊಡವರ ಕಕ್ಕಡ ತಿಂಗಳ 18ನೇ ದಿನ. ಮದ್ದುಸೊಪ್ಪಿನ ಪಾಯಸ ಉಂಡದ್ದಾಯಿತು. ಇಂದು ಬೆಳಗಿನಿಂದ ಮಳೆ ಬಿಟ್ಟಿಲ್ಲ, ಕರೆಂಟೂ ಇಲ್ಲ. ನಾಳೆಯ ಪ್ರಾಯೋಗಿಕ ತರಗತಿಗೆಂದು ತಂದಿದ್ದ ಸ್ಲೈಡನ್ನು ಕನ್ನಡಿಯಿರುವ ಹಳೆಯ ಸೂಕ್ಷ್ಮದರ್ಶಕದಲ್ಲಿಟ್ಟು, ಕಿಟಕಿಯ ಪಕ್ಕದ ಮಂಕು ಬೆಳಕಿನಲ್ಲಿಯೇ ನೋಡುತ್ತ ಕುಳಿತೆ. ಕುದುರೆಯ ಕರುಳಿನಲ್ಲಿ ವಾಸಿಸುವ ದುಂಡುಹುಳುವಿನ ಗರ್ಭನಾಳದ ಸೀಳು ಅದು. ಬೆಲ್ಜಿಯಂನ ಎಡ್ವರ್ಡ್ ವಾನ್ ಬೆನೆಡೆನ್ 1883ರಲ್ಲಿ, ತಾಯಿಯಿಂದಲೂ ತಂದೆಯಿಂದಲೂ ಆನುವಂಶಿಕ ಗುಣಗಳನ್ನು ಹೊರುವ ವರ್ಣತಂತುಗಳು ಸಮಸಂಖ್ಯೆಯಲ್ಲಿ ಬರುತ್ತವೆ ಎಂಬುದನ್ನು ಕಂಡುಕೊಂಡದ್ದು ಇದೇ ಹುಳುವಿನ ಅಂಡಗಳಲ್ಲಿ. ವರ್ಣತಂತುಗಳು ಬೆರಳೆಣಿಕೆಯಷ್ಟೇ ಇದ್ದು ದಪ್ಪವಾಗಿರುವುದರಿಂದ ಎಣಿಸುವುದಕ್ಕೆ ಸುಲಭ.

ಕಳೆದ ವಾರ ಈ ಸ್ಲೈಡ್ ನನ್ನ ಮಾನ ತೆಗೆದಿತ್ತು. ಮಿಯಾಸಿಸ್ (ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಕೋಶವಿಭಜನೆ) ಎಂದರೆ ಎರಡು ವಿಭಜನೆ, ನಾಲ್ಕು ಕೋಶ, ಅಂಡಾಣುವಿನ ವಿಷಯದಲ್ಲಿ ಒಂದು ಅಂಡ ಮತ್ತು ಮೂರು ಧ್ರುವಕಾಯ (ವಿಭಜನೆಯಲ್ಲಿ ಅಂಡ ಹೊರಹಾಕುವ ಪುಟ್ಟ ಕೋಶ) ಎಂದು ವರ್ಷಗಳಿಂದ ಕರಿಹಲಗೆಯ ಮೇಲೆ ಬರೆಯುತ್ತ ಬಂದವಳು ನಾನು. ಒಬ್ಬ ಹುಡುಗಿ ಕಣ್ಣು ತೆಗೆಯದೆ ನೋಡಿ, "ಮೇಡಂ, ಇಲ್ಲಿ ಎರಡೇ ಇವೆ" ಎಂದಳು. ಇಂದು ನಾನೂ ಹುಡುಕಿದೆ. ಒಂದು ಕಪ್ಪು ಚುಕ್ಕೆ ದಪ್ಪ ಚಿಪ್ಪಿನ ಒಳಮೈಗೆ ಅಂಟಿಕೊಂಡಿತ್ತು, ಇನ್ನೊಂದು ಅಂಡದ ಮೈಗೆ ತಾಗಿಕೊಂಡಿತ್ತು. ಮೂರನೆಯದು ಯಾವ ಅಂಡದಲ್ಲಿಯೂ ಸಿಗಲಿಲ್ಲ. ಮೊದಲು ಹೊರಬಿದ್ದ ಧ್ರುವಕಾಯ ಮತ್ತೆ ಒಡೆಯದಿದ್ದರೆ ಲೆಕ್ಕ ಎರಡಕ್ಕೇ ನಿಲ್ಲುತ್ತದೆ. ಪಠ್ಯದ ಚಿತ್ರ ಲೆಕ್ಕದ ಚಿತ್ರ, ಹುಳುವಿನದಲ್ಲ.

ಸತ್ತು ಬಣ್ಣ ಹಚ್ಚಿಸಿಕೊಂಡ ಈ ಅಂಡಗಳಲ್ಲಿ ಕಾಣದ ಚಲನೆಯನ್ನು ಮಣ್ಣಿನ ಪುಟ್ಟ ದುಂಡುಹುಳು ಸಿನೋರ್ಹ್ಯಾಬ್ಡಿಟಿಸ್ ಎಲೆಗನ್ಸ್ ಜೀವಂತವಾಗಿಯೇ ತೋರಿಸುತ್ತದೆ, ಏಕೆಂದರೆ ಸುಮಾರು 1 ಮಿಲಿಮೀಟರ್ ಉದ್ದದ ಅದರ ಮೈ ಗಾಜಿನಂತೆ ಪಾರದರ್ಶಕ. ಅದರ ಅಂಡಾಣುವಿನಲ್ಲಿ 12 ವರ್ಣತಂತುಗಳು 6 ಜೋಡಿಗಳಾಗಿ ಕಾದಿರುತ್ತವೆ. ವೀರ್ಯಾಣು ಒಳಹೊಕ್ಕ ಮೇಲೆ ಎರಡೂ ವಿಭಜನೆಗಳು ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿದುಬಿಡುತ್ತವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ವಿಭಜನೆಯ ಕದಿರು, ಅಂದರೆ ವರ್ಣತಂತುಗಳನ್ನು ಎರಡು ಬದಿಗೆ ಬೇರ್ಪಡಿಸುವ ಎಳೆಗಳ ಕಟ್ಟು. ಸಾಮಾನ್ಯ ಪ್ರಾಣಿಕೋಶದಲ್ಲಿ ಕದಿರಿನ ಎರಡು ತುದಿಗಳಲ್ಲಿ ಆ ಎಳೆಗಳನ್ನು ಸಂಘಟಿಸುವ ಸೆಂಟ್ರೋಸೋಮ್‌ಗಳು ಇರುತ್ತವೆ. ಈ ಅಂಡಾಣು ಬೆಳೆಯುವಾಗಲೇ ತನ್ನವನ್ನು ಕಳೆದುಕೊಂಡಿರುತ್ತದೆ, ಮುಂದೆ ಭ್ರೂಣಕ್ಕೆ ಬೇಕಾದವು ವೀರ್ಯಾಣುವಿನೊಂದಿಗೆ ಬರುತ್ತವೆ. ಹಾಗಾಗಿ ವರ್ಣತಂತುಗಳ ಸುತ್ತಲೇ ಸೂಕ್ಷ್ಮನಾಳಗಳೆಂಬ ಆ ಎಳೆಗಳು ಕೂಡಿಕೊಂಡು ಒಂದು ಪುಟ್ಟ ಕದಿರಾಗುತ್ತದೆ. ಸುಮಾರು 50 ಮೈಕ್ರೋಮೀಟರ್ ಉದ್ದದ ಅಂಡದ ನಡುವೆ ಅದು ನಿಂತು ವಿಭಜಿಸಿದರೆ ಅಂಡ ಇಬ್ಭಾಗವಾಗಬೇಕಾಗುತ್ತದೆ. ಆದರೆ ಕೈನೆಸಿನ್ ಎಂಬ ಪ್ರೋಟೀನು ಕದಿರನ್ನು ಅಂಡದ ಅಂಚಿಗೆ ಸಾಗಿಸಿ, ಅಂಚಿಗೆ ಸಮಾಂತರವಾಗಿ ಮಲಗಿಸುತ್ತದೆ. ಬೇರ್ಪಡುವ ಗಳಿಗೆ ಹತ್ತಿರವಾದಾಗ ಡೈನೀನ್ ಎಂಬ ಇನ್ನೊಂದು ಪ್ರೋಟೀನು ಅದನ್ನು ತಿರುಗಿಸಿ, ಒಂದು ತುದಿ ಅಂಚಿಗೆ ಚುಚ್ಚುವಂತೆ ನೇರ ನಿಲ್ಲಿಸುತ್ತದೆ. ಅಷ್ಟರಲ್ಲಿ ಕದಿರು ಗಿಡ್ಡವೂ ಆಗಿರುತ್ತದೆ. ಅಂಚಿನಲ್ಲಿ ಮೂಡಿದ ಸಂಕೋಚನದ ಉಂಗುರದೊಳಗಿಂದ ವರ್ಣತಂತುಗಳ ಅರ್ಧಪಾಲು ಹೊರಚಾಚಿದಾಗ ಉಂಗುರ ಬಿಗಿದು, ಚಿಟಿಕೆಯಷ್ಟು ಕೋಶರಸದೊಂದಿಗೆ ಅದನ್ನು ಕಡಿದುಹಾಕುತ್ತದೆ. ಎರಡನೆಯ ವಿಭಜನೆಯಲ್ಲಿಯೂ ಇದೇ ನಡೆಯುತ್ತದೆ. ಕೈನೆಸಿನ್ ಇಲ್ಲದಂತೆ ಮಾಡಿದರೂ ಕದಿರು ತಡವಾಗಿಯಾದರೂ ಡೈನೀನ್‌ನ ಬಲದಿಂದ ಅಂಚು ಸೇರುತ್ತದೆ ಎಂಬುದನ್ನು ಓದಿದಾಗ, ಅಂಚು ಸೇರುವುದು ಅಂಡಕ್ಕೆ ಎಷ್ಟು ಅಗತ್ಯ ಎಂಬುದು ನನಗೆ ಮನದಟ್ಟಾಯಿತು.

ಅಂಡದ ಲೋಭಕ್ಕೆ ಕಾರಣವಿದೆ. ಚಿಪ್ಪು ಮುಚ್ಚಿದ ಮೇಲೆ ಮರಿ ಹೊರಬರುವ ತನಕ ಭ್ರೂಣಕ್ಕೆ ಹೊರಗಿನ ಊಟವಿಲ್ಲ. ತಾಯಿ ತುಂಬಿಕೊಟ್ಟದ್ದೇ ಬುತ್ತಿ. ಅದೇ ಹುಳುವಿನಲ್ಲಿ ವೀರ್ಯಾಣುವಿನ ತಾಯಿಕೋಶ ಒಡೆದರೆ ನಾಲ್ಕು ವೀರ್ಯಾಣುಗಳಾಗುತ್ತವೆ, ಅವುಗಳಿಗೆ ಹೊರಬೇಕಾದ ಬುತ್ತಿಯೇ ಇಲ್ಲ. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗ, "ಹಾಗಾದರೆ ಪತ್ರದ ನಕಲು ಎಲ್ಲರಿಗೂ, ಗದ್ದೆ ಮಾತ್ರ ಒಬ್ಬರಿಗೆ ಅಲ್ವಾ ಮೇಡಂ?" ಎಂದ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಆಸ್ತಿ ಪಾಲಿನ ಮಾತು ಕೇಳುತ್ತಲೇ ಬೆಳೆದ ಹುಡುಗ, ಹೋಲಿಕೆ ಸುಮ್ಮನೆ ಬರಲಿಲ್ಲ.

ವಿಭಜನೆ ಸಾಮಾನ್ಯವಾಗಿ ಅಂಡದ ಒಂದು ತುದಿಯಲ್ಲಿ ನಡೆದರೆ, ವೀರ್ಯಾಣು ತಂದ ವರ್ಣತಂತುಗಳು ಇನ್ನೊಂದು ತುದಿಯಲ್ಲಿ ಉಳಿದಿರುತ್ತವೆ. ಹತ್ತಿರ ಬಂದರೆ ತಂದೆಯ ಪಾಲನ್ನೂ ಕದಿರು ಸೆಳೆದುಕೊಂಡು ಹೊರಗೆ ಎಸೆದೀತು. ಎಸೆದವುಗಳ ಗತಿಯೂ ಒಂದೇ ಅಲ್ಲ: ಎಲೆಗನ್ಸ್‌ನ ಮೊದಲ ಧ್ರುವಕಾಯ ಚಿಪ್ಪಿನ ಪದರಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಎರಡನೆಯದು ಭ್ರೂಣದ ಜೊತೆಯಲ್ಲೇ ಉಳಿದು, ಆಮೇಲೆ ಭ್ರೂಣದ ಒಂದು ಕೋಶವೇ ಅದನ್ನು ನುಂಗಿ ಜೀರ್ಣಿಸಿಕೊಳ್ಳುತ್ತದೆ. ಬಿಟ್ಟದ್ದರಲ್ಲಿ ಸ್ವಲ್ಪ ವಾಪಸು ಬಂದಂತಾಯಿತು!

ನಮ್ಮ ಕರಿಮೆಣಸಿನ ಬೇರುಗಳಲ್ಲಿ ಗಂಟು ಕಟ್ಟಿಸುವ ಮೆಲಾಯ್ಡೊಗೈನ್ ಇನ್‌ಕಾಗ್ನಿಟಾ ಎಂಬ ದುಂಡುಹುಳು ಈ ಗೋಜಿಗೇ ಹೋಗುವುದಿಲ್ಲ. ಮಿಯಾಸಿಸನ್ನು ಕೈಬಿಟ್ಟು, ಗಂಡಿನ ನೆರವಿಲ್ಲದೆ ಮೊಟ್ಟೆಯಿಡುತ್ತದೆ. ಹೆಣ್ಣಿನಲ್ಲಿ ನಡೆಯುವ ಈ ಕಥೆ ಬೇರೆಯದು, ಇನ್ನೊಂದು ದಿನ ಬರೆಯುವೆ.

ಸಂಜೆ ನಾಲ್ಕಕ್ಕೆ ಬೆಳಕು ಪೂರ್ತಿ ಕುಂದಿತು. ಟಿಪ್ಪಣಿ ಪುಸ್ತಕದಲ್ಲಿ ಮೂರನೆಯ ಧ್ರುವಕಾಯದ ಮೇಲೆ ಗೀಟು ಎಳೆದು, ಚಿಪ್ಪಿಗೆ ಅಂಟಿದ್ದ ಚುಕ್ಕೆಯನ್ನು ಅದರ ಜಾಗದಲ್ಲಿಯೇ ಬರೆದೆ. ಅದನ್ನು ಮೊದಲು ಕಂಡವಳಿಗೆ ನಾಳೆ ತೋರಿಸಬೇಕು.