ಮೂರು ಸೆಟ್, ಎಲ್ಲಾ ಕಲರ್

ಕೋಲಾರದಲ್ಲಿ ಸರ್ಕಾರಿ ಕಚೇರಿಗಳ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಜಾತಿ ಪ್ರಮಾಣಪತ್ರ, ಆರ್‌ಟಿಐ ಅರ್ಜಿ, ದಿನವಿಡೀ ಇವೇ. ಬೇರೆಯವರ ಕಾಗದ ಓದಬಾರದು ಅನ್ನೋದು ಈ ಕಸುಬಿನ ಮರ್ಯಾದೆ. ಆದರೆ ಬೈಂಡಿಂಗ್‌ಗೆ ಪುಟ ಜೋಡಿಸಬೇಕಲ್ಲ, ಅದು ಕಣ್ಣು ಮುಚ್ಚಿಕೊಂಡು ಆಗೋ ಕೆಲಸವಲ್ಲ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಕಚೇರಿಯೊಂದರ ಅಟೆಂಡರ್ ಪೆನ್‌ಡ್ರೈವ್ ಹಿಡಿದು ಓಡಿ ಬಂದ. "ಅಣ್ಣಾ, ಸಾಹೇಬ್ರ ರಿಪೋರ್ಟು. ಮೂರು ಸೆಟ್, ಎಲ್ಲಾ ಕಲರ್. ಸಂಜೆ ಮೀಟಿಂಗ್‌ಗೆ ಬೇಕಂತೆ."

ಸಿಂಗಪುರದ ನಾಯಕತ್ವ ತರಬೇತಿಯ ವರದಿ ಅದು. ಹೋಗಿ ಬಂದದ್ದು ಸರ್ಕಾರದ ಖರ್ಚಲ್ಲಿ. ಅದೇ ಕಚೇರಿಗೆ ಜನ ಅರ್ಜಿ ಕೊಡೋಕೆ ಹೋದರೆ "ಜೆರಾಕ್ಸ್ ನೀವೇ ತೆಗೆಸ್ಕೊಂಡು ಬನ್ನಿ, ಇಲ್ಲಿ ಪೇಪರ್ ಇಲ್ಲ" ಅಂತಾರೆ. ನನಗೆ ವ್ಯಾಪಾರ ಆಗೋದೇ ಅದರಿಂದ, ಬಿಡಿ.

ಮೊದಲ ಪುಟಗಳೆಲ್ಲ ಫೋಟೋ. ನೀರು ಉಗುಳುವ ಸಿಂಹದ ಮುಂದೆ ಸಾಲಾಗಿ ನಿಂತದ್ದು, ಸರ್ಟಿಫಿಕೇಟ್ ತಗೊಂಡದ್ದು, ಊಟದ ಮೇಜು. ಆಮೇಲೆ ಬರಹ. ಒಂದೇ ಪ್ಯಾರಾದಲ್ಲಿ ಅಕ್ಷರ ಮೂರು ಸಲ ಬದಲಾಗಿತ್ತು. ನಡುನಡುವೆ ನೀಲಿ ಬಣ್ಣದ, ಕೆಳಗೆ ಗೆರೆ ಎಳೆದ ಪದಗಳು. ಒಂದು ಕಡೆ "ಇನ್ನಷ್ಟು ಓದಲು ಇಲ್ಲಿ ಕ್ಲಿಕ್ ಮಾಡಿ" ಅಂತ ಕಲರ್‌ನಲ್ಲೇ ಅಚ್ಚಾಗಿ ಬಂತು. ಅಟೆಂಡರ್‌ಗೆ ತೋರಿಸಿದೆ. "ಸುಮ್ನೆ ಪ್ರಿಂಟ್ ಕೊಡಣ್ಣ" ಅಂದ.

ಇಷ್ಟಾದರೆ ನಕ್ಕು ಮರೆಯುತ್ತಿದ್ದೆ. ಕೊನೆ ಕೊನೆಗೆ ಸಿಂಗಪುರದ ನೀರಿನ ವಿಷಯ ಬಂತು, ಅಲ್ಲಿ ಕೈ ನಿಂತಿತು. ಆ ದೇಶ 2003ರಿಂದ ಚರಂಡಿ ನೀರನ್ನೇ ಶುದ್ಧ ಮಾಡಿ ನ್ಯೂವಾಟರ್ ಅಂತ ಬಳಸುತ್ತಿದೆ. ಸೂಕ್ಷ್ಮ ಸೋಸುವಿಕೆ, ಆರ್‌ಒ, ಆಮೇಲೆ ಯುವಿ ಕಿರಣ. ನಮಗೂ ಬರೋದು ಅದೇ ಜಾತಿಯ ನೀರಲ್ವಾ? ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡನೇ ಹಂತದ ಶುದ್ಧೀಕರಣಕ್ಕೇ ನಿಂತು ನಮ್ಮ ಕೆರೆಗಳಿಗೆ ಬರುತ್ತದೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ನೊರೆ ಎದ್ದು, ಹೈಕೋರ್ಟ್ ಸ್ವಲ್ಪ ಕಾಲ ತಡೆ ಕೊಟ್ಟಿತ್ತು. ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದದ್ದೂ ನಿಜ, ಇಲ್ಲ ಅನ್ನಲ್ಲ. ಆದರೆ ಆ ನೀರನ್ನು ಇನ್ನಷ್ಟು ಸೋಸುವ ಮೂರನೇ ಹಂತವೂ ಆಗಲಿ ಅಂತ ರೈತರು ಅಂದಿನಿಂದ ಗಂಟಲು ಹರಿದುಕೊಳ್ಳುತ್ತಿದ್ದಾರೆ.

ವರದಿಯಲ್ಲಿ ನ್ಯೂವಾಟರ್‌ಗೆ ಸಿಕ್ಕಿದ್ದು ನಾಲ್ಕು ಸಾಲು. ಒಂದು ಲೀಟರಿಗೆ ಎಷ್ಟು ಖರ್ಚು, ಎಷ್ಟು ಕರೆಂಟು, ಸೋಸಿ ಉಳಿದ ಗಲೀಜು ಎಲ್ಲಿ ಹೋಗತ್ತೆ, ಒಂದೂ ಇಲ್ಲ. ಕೋಲಾರ ಅನ್ನೋ ಹೆಸರು ಮುಖಪುಟ ಬಿಟ್ಟರೆ ಬೇರೆಲ್ಲೂ ಕಾಣಲಿಲ್ಲ.

ವಿದೇಶಕ್ಕೆ ಹೋಗಲೇಬಾರದು ಅನ್ನುವವನಲ್ಲ ನಾನು. ಹಳೇ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯವರೇ ಆದ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದವರು. ಆ ಮೂರು ಪ್ರಶ್ನೆ ಕೇಳಿಕೊಂಡು ಬಂದಿದ್ದರೆ ಇನ್ನೊಂದು ಸಲ ಕಳಿಸಿ ಅಂತ ನಾನೇ ಹೇಳುತ್ತಿದ್ದೆ.

ಬೈಂಡಿಂಗ್ ಮುಗಿಸಿ ಬಿಲ್ ಬರೆದೆ. "ಲೆಕ್ಕಕ್ಕೆ ಬರ್ಕೊಳ್ಳಣ್ಣ, ಗ್ರಾಂಟ್ ಬಂದಿಲ್ಲ" ಅಂದ. ಅವನದೇ ಹೊರಗುತ್ತಿಗೆ ಸಂಬಳ ಬಾಕಿ ಇತ್ತು, ಅವನ ಹತ್ತಿರ ಏನು ಜಗಳ?

ಮಾರನೇ ದಿನ ನನ್ನ ಹೆಸರಲ್ಲೇ ಆರ್‌ಟಿಐ ಹಾಕಿದೆ. ದಿನಾ ಬೇರೆಯವರಿಗೆ ಬರೆದು ಕೊಡುವ ಕೈ ತಾನೆ. ಒಂದೇ ವಿಷಯ, 150 ಪದದ ಒಳಗೆ, 10 ರೂಪಾಯಿ ಪೋಸ್ಟಲ್ ಆರ್ಡರ್. "ಯಾಕೆ ಹೋದಿರಿ" ಅಂತ ಕೇಳಿದರೆ ಅದು ಮಾಹಿತಿಯಲ್ಲ ಅಂತ ವಾಪಸ್ ಬರುತ್ತದೆ. ಮಂಜೂರಾತಿ ಆದೇಶ, ಖರ್ಚಿನ ವಿವರ, ವರದಿಯ ಪ್ರತಿ ಕೊಡಿ ಅನ್ನಬೇಕು.

ಉತ್ತರ ಬಂತು. ಆದೇಶ ಮತ್ತು ಖರ್ಚಿನ ದಾಖಲೆ ತಮ್ಮಲ್ಲಿಲ್ಲವಂತೆ, ಮೇಲಿನ ಕಚೇರಿಯಲ್ಲಿ ಕೇಳಬೇಕಂತೆ. ಹಾಗಿದ್ದರೆ ಅರ್ಜಿಯನ್ನು 5 ದಿನದೊಳಗೆ ಅವರೇ ಅಲ್ಲಿಗೆ ಕಳಿಸಬೇಕು ಅಂತ ಕಾಯ್ದೆಯ 6(3)ರಲ್ಲೇ ಇದೆ. ವರದಿಯ ಪ್ರತಿ ಬೇಕಿದ್ದರೆ ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ಅಂದಿದ್ದರು. ಅದರ ಪ್ರಿಂಟ್ ದುಡ್ಡು ಇನ್ನೂ ನನಗೇ ಬರಬೇಕಿತ್ತು. ಆದರೂ ಕಟ್ಟಿ ರಸೀದಿ ತಗೊಂಡೆ. ಖರ್ಚಿನ ಲೆಕ್ಕಕ್ಕೆ ಮೊದಲ ಮೇಲ್ಮನವಿ ಹಾಕಿದ್ದೇನೆ. ಅದಕ್ಕೆ ಫೀಸಿಲ್ಲ.