ಮಿನಿಕಾಯ್‌ನ ಬೆರಳುದ್ದದ ಮೀನು

ಕೊಚ್ಚಿಯಿಂದ ಹಡಗು ಹತ್ತುವಾಗ ನನ್ನ ತಲೆಯಲ್ಲಿ ಇದ್ದದ್ದು ಲಕ್ಷದ್ವೀಪದ ಮಿನಿಕಾಯ್‌ನ ಲೈಟ್‌ಹೌಸ್ ಒಂದೇ. 1885ರದ್ದು. ಹತ್ತಿದೆ, ನೋಡಿದೆ, ಕಾಲು ನೋಯಿಸಿಕೊಂಡು ಇಳಿದೆ. ಆದರೆ ಊರಿಗೆ ಬಂದ ಮೇಲೂ ನೆನಪಾಗುತ್ತಿರುವುದು ಟ್ಯೂನಾ ಮೀನು ಹಿಡಿಯುವ ಒಂದು ದೋಣಿ.

ಅಲ್ಲಿ ಪರಿಚಯವಾದವರು ಒಂದು ಬೆಳಗಿನ ಜಾವ ದೋಣಿಗೆ ಹತ್ತಿಸಿಕೊಂಡರು. ಸೀದಾ ಕಡಲಿಗೆ ಹೋಗುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಮೊದಲು ದ್ವೀಪಕ್ಕೆ ಅಂಟಿಕೊಂಡ, ಹವಳದ ದಿಬ್ಬ ಸುತ್ತುವರಿದ ತಿಳಿನೀರಿನ ಲಗೂನ್‌ನಲ್ಲೇ, ಹವಳದ ದಿಬ್ಬಗಳ ಪಕ್ಕ ಬಲೆ ಇಳಿಸಿದರು. ಸಿಕ್ಕಿದ್ದು ಬೆರಳುದ್ದದ ಮೀನು. ಅದನ್ನು ಜೀವಂತವಾಗಿ ದೋಣಿಯ ತೊಟ್ಟಿಗೆ ಸುರಿದರು. ತೊಟ್ಟಿಯೊಳಗೆ ಕಡಲ ನೀರು ಬರುತ್ತಾ ಹೋಗುತ್ತಾ ಇರಬೇಕು, ಇಲ್ಲದಿದ್ದರೆ ಮೀನು ಸಾಯುತ್ತದೆ. ಸತ್ತರೆ ಆ ದಿನದ ದುಡಿಮೆಯೂ ಹೋಯಿತು.

ಹೊರಗಡಲಲ್ಲಿ ಹಕ್ಕಿಗಳ ಹಿಂಡು ಕಂಡದ್ದೇ ಎಂಜಿನ್ ಸದ್ದು ತಗ್ಗಿತು. ಒಬ್ಬರು ಪುಟ್ಟ ಮೀನು ಎರಚಿದರು, ಇನ್ನೊಬ್ಬರು ನೀರು ಚಿಮ್ಮಿಸಿದರು. ಮೀನಿನ ಗುಂಪೇ ಎದ್ದಿದೆ ಅಂತ ಟ್ಯೂನಾಗಳು ಮೇಲೆ ನುಗ್ಗಿದವು. ಹಿಂಬದಿ ಸಾಲಾಗಿ ನಿಂತವರು ಗಳ ಎತ್ತುತ್ತಾರೆ, ಮೀನು ತಲೆಯ ಮೇಲಿಂದ ಹಾರಿ ಹಲಗೆಗೆ ಬೀಳುತ್ತದೆ. ಗಾಳದ ತುದಿಯಲ್ಲಿ ಮೀನನ್ನು ಕಚ್ಚಿ ಹಿಡಿಯುವ ಹಿಮ್ಮುಳ್ಳು ಇಲ್ಲ, ಹಾಗಾಗಿ ತಾನೇ ಕಳಚಿಕೊಳ್ಳುತ್ತದೆ. ಒಂದು ಬಂದು ನನ್ನ ಮೊಣಕಾಲಿಗೆ ಬಡಿಯಿತು. ಎಲ್ಲರೂ ನಕ್ಕರು. ಹದಿನೈದು ನಿಮಿಷದಲ್ಲಿ ಕಡಲು ಮತ್ತೆ ಖಾಲಿ.

ಒಂದು ಗಾಳಕ್ಕೆ ಒಂದೇ ಮೀನು. ಆಮೆ, ಡಾಲ್ಫಿನ್ ಸಿಕ್ಕಿಬೀಳುವ ಮಾತೇ ಕಡಿಮೆ. ಇವರು ಹಿಡಿಯುವ ಸ್ಕಿಪ್‌ಜಾಕ್ ಬೇಗ ಬೆಳೆದು ಬೇಗ ಮೊಟ್ಟೆ ಇಡುವ ಟ್ಯೂನಾ ಜಾತಿ. ಆದರೆ ಅದೇ ಮೀನು ಅಲೆಯುತ್ತಾ ದೊಡ್ಡ ಹಡಗುಗಳ ಬಲೆಗೂ ಹೋಗುತ್ತದಲ್ವಾ? ಹಿಂದೂ ಮಹಾಸಾಗರದಲ್ಲಿ ಈ ಮೀನು ಹಿಡಿಯಲು 2018ಕ್ಕೆ ಸುಮಾರು 4.7 ಲಕ್ಷ ಟನ್ ಮಿತಿ ಹಾಕಿದ್ದರು, ಹಿಡಿದದ್ದು 6 ಲಕ್ಷ ಟನ್ ದಾಟಿತು. ಗಳ ಹಿಡಿದವರ ಶಿಸ್ತು ಎಷ್ಟು ದೂರ ಬಂದೀತು ಅಂತ ನನಗೆ ಅನ್ನಿಸಿದ್ದು ಆಗ.

ಇಲ್ಲಿ ಸಂಬಳ ಅಂತ ಇಲ್ಲ, ಪಾಲು. ಡೀಸೆಲ್ ಖರ್ಚು ಕಳೆದು ಉಳಿದದ್ದರಲ್ಲಿ ದೋಣಿಗೊಂದು ಪಾಲು, ಆಳುಗಳಿಗೊಂದು. ಐಸ್ ಸಾಲದ ದ್ವೀಪದಲ್ಲಿ ತಾಜಾ ಮೀನು ಮಾರುವುದು ಕಷ್ಟ. ಅದಕ್ಕೇ ಮಾಸ್: ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗಿಟ್ಟು ಕಟ್ಟಿಗೆಯಂತೆ ಗಟ್ಟಿ ಮಾಡುತ್ತಾರೆ. ಸುಮಾರು ಐದು ಕಿಲೋ ಮೀನಿಗೆ ಒಂದು ಕಿಲೋ ಮಾಸ್. ತಿಂಗಳುಗಟ್ಟಲೆ ಇಡಬಹುದು, ಆದರೆ ದರ ಹೇಳುವವರು ದಡದ ಆಚೆಯ ವ್ಯಾಪಾರಿಗಳು.

ಇಷ್ಟೆಲ್ಲಾ ಇದ್ದರೂ ದೋಣಿಯ ಹಿರಿಯರ ಚಿಂತೆ ದರದ್ದಲ್ಲ, ಆ ಪುಟ್ಟ ಮೀನಿನದು. 1998, 2010, 2016ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳ ಬಿಳಿಚಿಕೊಂಡಿತು. ಪುಟ್ಟ ಮೀನಿಗೆ ಹವಳವೇ ಮನೆ. ಈಗ ಅವನ್ನು ಹುಡುಕುವುದಕ್ಕೇ ಜಾಸ್ತಿ ಹೊತ್ತು ಬೇಕಂತೆ.

ಮರುದಿನ ಅದೇ ದೋಣಿ ಜೆಟ್ಟಿ ಬಿಟ್ಟು ಕದಲಿರಲಿಲ್ಲ. ಹೊರಗೆ ಟ್ಯೂನಾ ಎದ್ದಿದೆ ಅಂತ ಬೇರೆಯವರಿಂದ ಸುದ್ದಿ ಬಂದಿತ್ತು. ಹಿರಿಯರು ತೊಟ್ಟಿಯ ಮುಚ್ಚಳ ಎತ್ತಿ ತೋರಿಸಿದರು. ತಳದಲ್ಲಿ ನೀರು, ನೀರಿನಲ್ಲಿ ಮೂರೋ ನಾಲ್ಕೋ ಮೀನು.